ಅವರೆಕಾಯಿ ಮೂಟೆಯ ಮೇಲಿನ ಕ್ಯಾಮೆರಾ

ಆ ಕಾರು ಬಿಳಿಯದೋ ಕೆನೆಬಣ್ಣದ್ದೋ ಎಂಬುದು ನನಗೀಗ ಖಚಿತವಿಲ್ಲ. ಬಿಳಿಯದೇ ಇದ್ದು, ತೊಳೆಯದೆ ಕೆನೆಬಣ್ಣಕ್ಕೆ ತಿರುಗಿರಬೇಕು ಎಂದು ಸಮಾಧಾನ ಮಾಡಿಕೊಂಡಿದ್ದೇನೆ. ವರ್ಷದ ವಿಷಯವೂ ಹಾಗೆಯೇ. ಮಾಗಡಿ ರಸ್ತೆಯಲ್ಲಿ ಮೆಟ್ರೊ ಕಂಬಗಳು ಎದ್ದಿರಲಿಲ್ಲ, ಕ್ಯಾಮೆರಾಕ್ಕೆ ರೀಲು ಹಾಕುವುದು ಆಗಲೇ ಹಳೆಯ ಕಾಲದ ಮಾತಾಗತೊಡಗಿತ್ತು. ಈ ಎರಡರ ನಡುವೆ ಎಲ್ಲೋ ಒಂದು ಡಿಸೆಂಬರ್. ಇಷ್ಟು ಅಳ್ಳಕ ನೆನಪಿನ ಮನುಷ್ಯನನ್ನು ಅವತ್ತು ಕಾರಿನಲ್ಲಿ ಕೂರಿಸಿಕೊಂಡು ಹೋದದ್ದು ಮಾತ್ರ ಸಾಕ್ಷಿ ಹೇಳುವುದಕ್ಕೆ.

ಆಗ ನಾನು ಗೋವಿಂದರಾಜನಗರದಲ್ಲಿ ಒಂದು ಮನೆಯ ಕೆಳಗಿನ ಭಾಗದಲ್ಲಿ ಬಾಡಿಗೆಗಿದ್ದೆ. ಧಾರವಾಡದಲ್ಲಿ ತತ್ತ್ವಶಾಸ್ತ್ರ ಓದಿ ಬಂದವನು. ರಾಜಾಜಿನಗರದ ಒಂದು ಕಾಲೇಜಿನಲ್ಲಿ ತರ್ಕ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಅನ್ನುವುದಕ್ಕಿಂತ, ಕ್ಲಾಸಿನಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದೆ ಅನ್ನುವುದು ಸರಿ. ನನಗೆ ಒಂದೆಡೆ ಕೂರಲಿಕ್ಕೆ ಬರುವುದಿಲ್ಲ, ಏನನ್ನಾದರೂ ಒಪ್ಪಲಿಕ್ಕೂ ಬರುವುದಿಲ್ಲ. ಮಹಡಿಯ ಮೇಲೆ ಒಂದು ದಂಪತಿ. ಗಂಡ ವಿಮಾ ಕಚೇರಿಯಲ್ಲಿ ಗುಮಾಸ್ತ, ನನ್ನ ಗೆಳೆಯ, ನನಗಿಂತ ನಾಲ್ಕು ವರ್ಷ ದೊಡ್ಡವನಾದರೂ ‘ಗುರು’ ಎಂದೇ ಕರೆಯುತ್ತಿದ್ದ. ಹೆಂಡತಿ ಬಸವೇಶ್ವರನಗರದ ಹೈಸ್ಕೂಲಿನಲ್ಲಿ ಗಣಿತದ ಟೀಚರು. ನನ್ನನ್ನು ‘ಮೇಷ್ಟ್ರೇ’ ಎನ್ನುತ್ತಿದ್ದರು, ಆ ಕರೆಯಲ್ಲಿ ಯಾವಾಗಲೂ ತುಸು ಅನುಮಾನ ಇರುತ್ತಿತ್ತು.

ಆ ವರ್ಷದ ಬೋನಸ್ಸಿನಲ್ಲಿ ವಾಷಿಂಗ್ ಮಷೀನ್ ತರುವುದೆಂದು ಅವರ ಮನೆಯಲ್ಲಿ ತೀರ್ಮಾನವಾಗಿತ್ತು. ಚಳಿಗಾಲದ ಬೆಳಗ್ಗೆ ಟ್ಯಾಂಕಿನ ನೀರಿನಲ್ಲಿ ಬಟ್ಟೆ ಹಿಂಡಿ ಹಿಂಡಿ ಟೀಚರ ಮಣಿಕಟ್ಟು ಊದಿಕೊಳ್ಳುತ್ತಿತ್ತು. ಕೈಗೆ ಪಟ್ಟಿ ಸುತ್ತಿಕೊಂಡೇ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಬಚ್ಚಲ ಪಕ್ಕದಲ್ಲಿ ಮಷೀನಿಗೆಂದು ಜಾಗ ಬಿಡಿಸಿ, ನಲ್ಲಿಯನ್ನೂ ಹಾಕಿಸಿದ್ದರು. ಗಂಡ ವಿಜಯನಗರದ ಅಂಗಡಿಗೆ ಹೋದವನು ವಾಷಿಂಗ್ ಮಷೀನ್ ಬದಲಿಗೆ ಕ್ಯಾಮೆರಾ ಹೊತ್ತುಕೊಂಡು ಬಂದ. ಮೊಳದುದ್ದದ ಲೆನ್ಸು, ಅದಕ್ಕೊಂದು ಚೀಲ, ಚೀಲಕ್ಕೊಂದು ಮಳೆಯಂಗಿ.

ಟೀಚರು ಕೂಗಾಡಲಿಲ್ಲ. ಗಣಿತದವರು ಕೂಗಾಡುವುದಿಲ್ಲ, ಷರತ್ತು ಹಾಕುತ್ತಾರೆ. ಅಂಗಡಿಯವನು ಪರಿಚಯದವನು, ಹೊಸ ವರ್ಷದೊಳಗೆ ತಂದರೆ ಬದಲಿಸಿ ಮಷೀನ್ ಕೊಡುತ್ತೇನೆ ಎಂದಿದ್ದ.

“ಒಂದೇ ಒಂದು ಫೋಟೊ ತೆಗೀರಿ,” ಎಂದರು ಗಂಡನಿಗೆ. “ನಮ್ಮ ಹಾಲ್‌ನಲ್ಲಿ ಹಾಕೋ ಅಂಥದ್ದು. ಕಾಡುಪ್ರಾಣಿ ಆಗಿರ್ಬೇಕು. ಜೀವ ಇರ್ಬೇಕು. ಬೋನಲ್ಲಿ ಇರ್ಬಾರ್ದು. ನೀವೇ ತೆಗೆದಿರ್ಬೇಕು. ಹಾಗಾದ್ರೆ ಕ್ಯಾಮೆರಾ ಇರ್ಲಿ. ಇಲ್ದಿದ್ರೆ ಸೋಮವಾರ ಅಂಗಡಿಗೆ.”

‘ನೀವೇ ತೆಗೆದಿರ್ಬೇಕು’ ಎಂಬುದಕ್ಕೆ ಹಿನ್ನೆಲೆಯಿತ್ತು. ಹಿಂದಿನ ವಾರವಷ್ಟೇ ಅವನು ಬಂಡೀಪುರದ ದಾರಿಯಲ್ಲಿ ತಾನು ತೆಗೆದದ್ದು ಎಂದು ಒಂದು ಹುಲಿಯ ಫೋಟೊ ತಂದು ತೋರಿಸಿದ್ದ. ಅದು ಮಾರೇನಹಳ್ಳಿಯ ಸೈಬರ್ ಕೆಫೆಯಲ್ಲಿ ಪ್ರಿಂಟ್ ಹಾಕಿಸಿದ್ದು. ಹುಲಿಯ ಬಾಲದ ಪಕ್ಕದಲ್ಲೇ ವೆಬ್‌ಸೈಟಿನ ವಿಳಾಸವೂ ಅಚ್ಚಾಗಿತ್ತು.

“ಸಾಕ್ಷಿಗೆ ಮೇಷ್ಟ್ರನ್ನ ಕರ್ಕೊಂಡು ಹೋಗಣ,” ಎಂದರು ಟೀಚರು. “ಅವರು ಏನನ್ನೂ ನಂಬಲ್ವಲ್ಲ. ಅಂಥೋರೇ ಬೇಕು.”

ನಂಬದವನಿಗೆ ತಾನು ಕಂಡದ್ದರಲ್ಲೂ ನಂಬಿಕೆ ಇರುವುದಿಲ್ಲ ಎಂಬುದನ್ನು ಅವರಿಗೆ ಆಗಲೇ ತಿಳಿಸಬಹುದಿತ್ತು. ಆದರೆ ಚಿತ್ರಾನ್ನ ಮಾಡಿಕೊಂಡು ಬರುತ್ತಾರೆ ಎಂದು ಗೊತ್ತಾಗಿತ್ತು.

ಭಾನುವಾರ ಕತ್ತಲು ಹರಿಯುವ ಮೊದಲೇ ಹೊರಟೆವು. ಗೆಳೆಯ ಮೆಜೆಸ್ಟಿಕ್ಕಿನ ಫುಟ್‌ಪಾತಿನಿಂದ ತಂದ ಮಿಲಿಟರಿ ಬಣ್ಣದ ಜಾಕೆಟ್ ಹಾಕಿಕೊಂಡು ಬಂದ. ಅದಕ್ಕೆ ಎಷ್ಟು ಜೇಬುಗಳಿದ್ದವೆಂದರೆ, ಕಾರಿನ ಕೀಲಿ ಹುಡುಕುವಷ್ಟರಲ್ಲಿ ಪೂರ್ವದಲ್ಲಿ ಬೆಳಕು ಮೂಡಿಬಿಡುತ್ತದೇನೋ ಎಂದು ನನಗೆ ಆತಂಕವಾಯಿತು. ಹಾಲಿನ ಬೂತಿನವನು ಕೂಗಿ ಕೇಳಿದ: “ಏನ್ ಸಾರ್, ಬಾರ್ಡರ್‌ಗಾ?”

“ಕಾಡಿನ ಬಣ್ಣ ಗುರು, ಪ್ರಾಣಿಗಳಿಗೆ ಕಾಣಿಸಲ್ಲ,” ಎಂದು ಗೆಳೆಯ ನನಗೆ ವಿವರಿಸಿದ.

“ನಂಗೆ ಕಾಣ್ತಾ ಇದೆಯಲ್ಲ,” ಎಂದರು ಹಿಂದಿನ ಸೀಟಿನಿಂದ ಟೀಚರು.

ಸಾವನದುರ್ಗದ ಕಡೆಗೆ ಹೋಗುವುದೆಂದು ಯೋಜನೆ. ತಾವರೆಕೆರೆ ದಾಟಿದ ಮೇಲೆ ಯಾವುದೋ ಕೆರೆಯ ಏರಿಯ ಮೇಲೆ ನಿಂತು, ನೀರಿನಿಂದ ಮಂಜು ಏಳುವಾಗ, ಸೂರ್ಯ ಬಂಡೆಯ ನೆತ್ತಿಯನ್ನು ಮುಟ್ಟುವ ಗಳಿಗೆಯಲ್ಲಿ ಚಿತ್ರ ತೆಗೆಯಬೇಕು. ಆ ಬೆಳಕು ಸ್ವಲ್ಪ ಹೊತ್ತು ಮಾತ್ರ ಇರುತ್ತದೆ ಎಂದು ಸುಂಕದಕಟ್ಟೆ ಬರುವವರೆಗೆ ಅವನು ಹೇಳುತ್ತಲೇ ಇದ್ದ. ಕಿಟಕಿಯಿಂದ ಬರುವ ಗಾಳಿಗೆ ನನ್ನ ಮೂಗಿಗೂ ನನಗೂ ಸಂಬಂಧ ತಪ್ಪಿಹೋಗಿತ್ತು. ಮಂಜಿನಲ್ಲಿ ಮುಂದಿನ ಲಾರಿಯ ಹಿಂಬದಿಯ ‘ಹಾರ್ನ್ ಮಾಡಿ’ ಎಂಬುದಷ್ಟೇ ಕಾಣಿಸುತ್ತಿತ್ತು, ಲಾರಿ ಕಾಣಿಸುತ್ತಿರಲಿಲ್ಲ.

“ನಿಲ್ಸಿ ನಿಲ್ಸಿ!” ಎಂದರು ಟೀಚರು.

ಗೆಳೆಯ ಬ್ರೇಕ್ ಒತ್ತಿದ ರಭಸಕ್ಕೆ ಚಿತ್ರಾನ್ನದ ಡಬ್ಬಿ ನನ್ನ ಕತ್ತಿಗೆ ಬಂದು ಬಡಿಯಿತು. ಅವನು ಚಿರತೆಯೆಂದೇ ತಿಳಿದು ಕ್ಯಾಮೆರಾಕ್ಕೆ ಕೈ ಹಾಕಿದ್ದ. ರಸ್ತೆ ಬದಿಯಲ್ಲಿ ಒಬ್ಬ ಹೆಂಗಸು ಕಂಬಳಿ ಹೊದ್ದು, ಗೋಣಿತಾಟಿನ ಮೇಲೆ ಅವರೆಕಾಯಿ ರಾಶಿ ಹಾಕಿಕೊಂಡು ಕುಳಿತಿದ್ದಳು.

“ಲೈಟ್ ಹೋಗುತ್ತೆ ಕಣೇ!”

“ಸೂರ್ಯ ದಿನಾ ಬರ್ತಾನೆ. ಮಾಗಡಿ ಅವರೆಕಾಯಿ ದಿನಾ ಬರಲ್ಲ,” ಎಂದು ಟೀಚರು ಇಳಿದೇಬಿಟ್ಟರು.

ಉತ್ತರದ ಕಡೆಯಿಂದ ಬಂದ ನನಗೆ ಈ ಊರಿನವರ ಅವರೆಕಾಯಿ ಭಕ್ತಿ ಎಂದೂ ಅರ್ಥವಾಗಿಲ್ಲ. ಡಿಸೆಂಬರ್ ಬಂತೆಂದರೆ ಉಪ್ಪಿಟ್ಟಿಗೆ, ಸಾರಿಗೆ, ರೊಟ್ಟಿಗೆ, ದೋಸೆಗೆ, ಮಾತಿಗೆ ಎಲ್ಲದಕ್ಕೂ ಅವರೆ ಬೀಳುತ್ತದೆ. ಸಂಜೆಯ ಹೊತ್ತು ಗೋವಿಂದರಾಜನಗರದ ಜಗಲಿಗಳ ಮೇಲೆ ಹೆಂಗಸರು ಕಾಳು ನೆನೆಸಿ, ಒಂದೊಂದನ್ನೂ ಬೆರಳಿನಲ್ಲಿ ಅದುಮಿ, ಸಿಪ್ಪೆಯಿಂದ ಬೇಳೆ ಪುಳಕ್ಕನೆ ಹಾರುವಂತೆ ಹಿತುಕುತ್ತಾ ಕೂರುತ್ತಾರೆ. ಕಾಯಿಯ ಮೇಲಿನ ಎಣ್ಣೆಯಂಥ ವಾಸನೆಗೆ ಸೊಗಡು ಎಂದು ಹೆಸರು. ಟೀಚರು ಒಂದು ಹಿಡಿ ಕಾಯಿಯನ್ನು ಉಜ್ಜಿ, ಅಂಗೈ ಮೂಸಿ ಕಣ್ಣು ಮುಚ್ಚಿದರು. ಆಮೇಲೆ ಕಾಯಿಗಳನ್ನು ನನ್ನ ಮುಂದೆ ಹಿಡಿದರು.

“ನೋಡಿ ಮೇಷ್ಟ್ರೇ, ಹೇಗಿದೆ ಸೊಗಡು?”

ನನಗೆ ಏನೂ ವಾಸನೆ ಬರಲಿಲ್ಲ. ಸೊಗಡು ಇರುವುದು ಕಾಯಿಯಲ್ಲೋ ಮೂಸುವವರ ಮೂಗಿನಲ್ಲೋ ಎಂದು ಕೇಳಿದೆ. ಅವರೆಕಾಯಿ ಮಾರುವವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಯಣ್ಣ, ನೆಗಡಿನಾ?” ಎಂದಳು.

ಅಕ್ಕನ ಮನೆಗೆ, ಸ್ಕೂಲಿನ ಟೀಚರುಗಳಿಗೆ, ಎದುರುಮನೆ ಆಂಟಿಗೆ ಎಂದು ಸೇರಿಸುತ್ತಾ ಹೋಗಿ ಅರ್ಧ ಮೂಟೆಯಾಯಿತು. ಚೌಕಾಸಿ ಮುಗಿಯುವ ಹೊತ್ತಿಗೆ ಸೂರ್ಯ ಯಾವ ಆಡಂಬರವೂ ಇಲ್ಲದೆ ಹುಟ್ಟಿ, ಒಂದು ಪೆಟ್ರೋಲ್ ಬಂಕಿನ ಬೋರ್ಡಿನ ಮೇಲೆ ಕೂತಿದ್ದ. ಗೆಳೆಯ ಅದರದ್ದೂ ಒಂದು ಚಿತ್ರ ತೆಗೆದ. ಅವನ ಮುಖ ನೋಡಲಾಗಲಿಲ್ಲ.

ಮೂಟೆ ಹಿಂದಿನ ಸೀಟಿನಲ್ಲಿ ಟೀಚರ ಪಕ್ಕ ಕೂತಿತು. ಅವರು ಸ್ಟೀಲಿನ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕಾಯಿ ಬಿಡಿಸಲು ಶುರುಮಾಡಿದರು. ವನ್ಯಜೀವಿ ಬರುವವರೆಗೆ ಸುಮ್ಮನೆ ಕೂರುವುದು ಅವರಿಂದಾಗುತ್ತಿರಲಿಲ್ಲ.

ಮುಂದೆ ಹೋದಂತೆ ಮಂಜಿನ ಮಧ್ಯೆ ಸಾವನದುರ್ಗದ ಬಂಡೆ ಕಂಡಿತು. ಆನೆಯೊಂದು ಕಂಬಳಿಯೊಳಗಿನಿಂದ ಬೆನ್ನು ಹೊರಗೆ ಹಾಕಿದಂತೆ. ಗೆಳೆಯ ಕಾರು ನಿಲ್ಲಿಸಿ, ಮೂರು ಕಾಲಿನ ಸ್ಟ್ಯಾಂಡನ್ನು ರಸ್ತೆಯಂಚಿನಲ್ಲಿ ನೆಟ್ಟ. ನೋಟ ಚೆನ್ನಾಗಿತ್ತು. ಆದರೆ ಚೌಕಟ್ಟಿನೊಳಗೆ ಎಲ್ಲಿ ನೋಡಿದರೂ ಸೈಟುಗಳಿದ್ದವು. ನಿನ್ನೆಮೊನ್ನೆಯವರೆಗೆ ರಾಗಿ ಬೆಳೆದಿದ್ದ ಹೊಲದಲ್ಲಿ ಸಾಲಾಗಿ ಮೂಲೆಗಲ್ಲುಗಳು, ಕಲ್ಲುಗಳಿಗೆ ಹಳದಿ ಬಣ್ಣ, ಹಳದಿಯ ಮೇಲೆ ಕಪ್ಪು ನಂಬರು. ಒಂದು ಕಮಾನು, ಕಮಾನಿನ ಮೇಲೆ ಇಂದ್ರನ ಊರಿನಂಥ ಹೆಸರು. ಅವನು ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ. ನಿಸರ್ಗದ ನಡುವೆ ‘ಸುಲಭ ಕಂತು’ ಎಂಬ ಅಕ್ಷರಗಳು ಬರುತ್ತಲೇ ಇದ್ದವು.

ಆಗ ಹಸು ಹೊಡೆದುಕೊಂಡು ಹೋಗುತ್ತಿದ್ದವರೊಬ್ಬರು ನಿಂತರು. ಜಾಕೆಟ್ ನೋಡಿದರು. ಮೂರು ಕಾಲಿನ ಸ್ಟ್ಯಾಂಡ್ ನೋಡಿದರು.

“ಎಷ್ಟಡಿ ರೋಡು ಸಾರ್?”

“ರೋಡಲ್ಲ, ಫೋಟೊ,” ಎಂದ ಗೆಳೆಯ, ಕಣ್ಣು ತೆಗೆಯದೆ.

“ಅದೇ ಸಾರ್, ಸರ್ವೆ. ಹೋದ್ ತಿಂಗ್ಳು ಬಂದಿದ್ದೋರೂ ಫೋಟೊ ಅಂತ್ಲೇ ಅಂದ್ರು. ಈ ಕಡಿಂದ ಹೋಗುತ್ತಾ, ಆ ಕಡಿಂದನಾ?”

ಇಷ್ಟು ಸಾಕಾಯಿತು. ಎಲ್ಲಿಂದಲೋ ಮತ್ತಿಬ್ಬರು ಬಂದರು. ಬೈಕಿನಲ್ಲಿ ಬಂದವನೊಬ್ಬ ಕಿವಿಗೆ ಮಫ್ಲರ್ ಸುತ್ತಿಕೊಂಡು ನೇರ ನನ್ನ ಹತ್ತಿರ ಬಂದು, ನಾನೇ ದೊಡ್ಡ ಸಾಹೇಬನಿರಬೇಕೆಂದು ತಿಳಿದು, ಮೂವತ್ತು ನಲವತ್ತರ ಕಾರ್ನರ್ ಸೈಟು ತೋರಿಸುತ್ತೇನೆ ಎಂದ. ರಸ್ತೆ ಬರುತ್ತದೆ ಎಂದು ಒಬ್ಬರಿಗೆ ಭಯ, ಬರುವುದಿಲ್ಲವೇನೋ ಎಂದು ಇನ್ನೊಬ್ಬನಿಗೆ ಭಯ. ನಾವು ಪ್ರಾಣಿಗಳ ಚಿತ್ರ ತೆಗೆಯಲು ಬಂದವರು ಎಂದು ನಾನು ಬಿಡಿಸಿ ಹೇಳಿದೆ.

“ಪ್ರಾಣಿ ಎಲ್ಲಿದಾವೆ ಸಾರ್ ಇಲ್ಲಿ? ನಾವೇ ಇರೋದು,” ಎಂದರು ಹಸುವಿನವರು.

ಗೆಳೆಯ ಸ್ಟ್ಯಾಂಡ್ ಮಡಚಿದ.

ಇನ್ನೂ ಸ್ವಲ್ಪ ಮುಂದೆ, ಒಂದು ಒಣಮರದ ತುದಿಯಲ್ಲಿ ಕಪ್ಪು ಹದ್ದೊಂದು ಕೂತಿತ್ತು. ರೆಕ್ಕೆ ಅರ್ಧ ಬಿಚ್ಚಿ, ಮಂಜಿನಲ್ಲಿ ಗಂಭೀರವಾಗಿ ಅಲುಗುತ್ತಿತ್ತು. ಗೆಳೆಯ ಸದ್ದಿಲ್ಲದೆ ಇಳಿದ. ಕಾರಿನ ಬಾನೆಟ್ಟಿನ ಮೇಲೆ ಮೊಣಕೈ ಊರಿ, ಕಾರ್ಡಿನ ಜಾಗವೆಲ್ಲ ಮುಗಿದೀತೇನೋ ಎಂಬಷ್ಟು ಚಿತ್ರ ತೆಗೆದ. “ಇದೇ ಗುರು! ಇದೇ ಹಾಲ್‌ಗೆ ಬರೋದು!” ಎಂದು ಪಿಸುಗುಟ್ಟಿದ. ನಾನೂ ಹದ್ದನ್ನು ನೋಡಿದೆ. ಕೊಕ್ಕನ್ನು ಸ್ಪಷ್ಟವಾಗಿ ನೋಡಿದೆ ಎಂದು ಇವತ್ತಿಗೂ ನನ್ನ ನೆನಪು ಹೇಳುತ್ತದೆ. ಗಾಳಿ ಜೋರಾಗಿ ಬೀಸಿದಾಗ ಹದ್ದು ಮರದಿಂದ ಬಿಡಿಸಿಕೊಂಡು ತೇಲುತ್ತಾ ಬಂದು, ಕಾರಿನ ಗಾಜಿಗೆ ಅಂಟಿಕೊಂಡಿತು. ಬಟ್ಟೆ ಅಂಗಡಿಯೊಂದರ ಕಪ್ಪು ಪ್ಲಾಸ್ಟಿಕ್ ಕವರು.

ಕೊಕ್ಕು ಎಲ್ಲಿಂದ ಬಂತು? ಆವತ್ತಿನಿಂದ ನನ್ನ ಕಣ್ಣುಗಳ ಜೊತೆ ನನಗೆ ಸರಿಯಾದ ಮಾತುಕತೆ ಇಲ್ಲ.

“ಜೀವ ಇರ್ಬೇಕು ಅಂದಿದ್ದೆ,” ಎಂದು ಟೀಚರು ಕಾಯಿ ಬಿಡಿಸುತ್ತಾ ನೆನಪಿಸಿದರು. ಆಮೇಲೆ, ಕರುಣೆ ಬಂತೋ ಏನೋ, ಎಲ್ಲರಿಗೂ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು. ಗೆಳೆಯ ದುಃಖದಲ್ಲಿ ಎರಡು ಲೋಟ ಕುಡಿದ. ಆ ಎರಡನೆಯ ಲೋಟವೇ ಮುಂದಿನದ್ದಕ್ಕೆಲ್ಲ ಕಾರಣ ಎಂದು ನನ್ನ ಅಭಿಪ್ರಾಯ.

ದುರ್ಗದ ಬುಡಕ್ಕೆ ಸ್ವಲ್ಪ ಈಚೆ, ಹುಣಸೆಮರಗಳ ಹತ್ತಿರ, ಅವನು ಕಾರು ನಿಲ್ಲಿಸಿದ. ಅಲ್ಲೂ ಒಂದು ಲೇಔಟು, ಆದರೆ ಬೋರ್ಡು ಮಂಜಿನಲ್ಲಿ ಮುಚ್ಚಿಹೋಗಿತ್ತು. ಹತ್ತಿರದಲ್ಲಿ ಒಂದೇ ಒಂದು ಮೂಲೆಗಲ್ಲು, ಆಚೆ ಇಬ್ಬನಿ ಬಿದ್ದ ಹುಲ್ಲು, ಅದರಾಚೆ ಇಡೀ ಬಂಡೆ. ಮತ್ತೆ ಸ್ಟ್ಯಾಂಡ್ ಹಾಕಿದರೆ ಸರ್ವೆ ಶುರುವಾಗುತ್ತದೆಂದು ಹೆದರಿ ಅವನು ಕಾರಿನೊಳಗಿಂದಲೇ ತೆಗೆಯುವುದೆಂದು ನಿಶ್ಚಯಿಸಿದ. ಅವರೆಕಾಯಿ ಮೂಟೆಯನ್ನು ಎತ್ತಿ ಹಿಂದಿನ ಕಿಟಕಿಯ ಅಂಚಿಗೆ ಒರಗಿಸಿ, ಅದರ ಮೇಲೆ ಲೆನ್ಸು ಊರಿದ. ಕಲ್ಲಿನಂತೆ ನಿಂತಿತು.

“ಇದೇ ಸರಿಯಾದ ಪದ್ಧತಿ ಗುರು. ಆಫ್ರಿಕಾದಲ್ಲೆಲ್ಲ ಹೀಗೇ, ಜೀಪಿನ ಕಿಟಕಿಗೆ ಕಾಳು ತುಂಬಿದ ಚೀಲ ಇಟ್ಕೊಂಡೇ ತೆಗೆಯೋದು.”

“ಅಲ್ಲೂ ಅವರೆಕಾಯಿ ಬೆಳೀತಾರಾ?” ಎಂದು ಟೀಚರು ನಿಜವಾದ ಆಸಕ್ತಿಯಿಂದ ಕೇಳಿದರು.

ಅವನು ಕ್ಯಾಮೆರಾಕ್ಕೆ ಕಣ್ಣಿಟ್ಟ. ಬಹಳ ಹೊತ್ತು ಏನೇನೋ ತಿರುಗಿಸಿ, ಕಲ್ಲನ್ನೂ ಬಂಡೆಯನ್ನೂ ಒಂದು ಚೌಕಟ್ಟಿಗೆ ತಂದ. ಆಮೇಲೆ ಕಾಲು ಬದಲಿಸಿದ. ಮತ್ತೆ ಬದಲಿಸಿದ. ಎರಡನೆಯ ಲೋಟ ತನ್ನ ಹಕ್ಕು ಕೇಳುತ್ತಿತ್ತು.

“ಯಾರೂ ಅಲ್ಲಾಡಬೇಡಿ. ಎಲ್ಲಾ ಸೆಟ್ ಮಾಡಿದೀನಿ. ಮಂಜು ಇನ್ನೊಂಚೂರು ಸರೀಲಿ, ಈಗ ಬಂದೆ,” ಎಂದು ಕಾರಿನಿಂದಿಳಿದು, ರಸ್ತೆಯ ಇನ್ನೊಂದು ಬದಿಯ ಲಂಟಾನದ ಪೊದೆಯ ಹಿಂದೆ ಮಾಯವಾದ. ಜಾಕೆಟ್ಟಿನ ಬಣ್ಣ ಆಗ ಮಾತ್ರ ಕೆಲಸಕ್ಕೆ ಬಂತು.

ಮುಂದಿನದ್ದನ್ನು ನಾನು ನಿಧಾನವಾಗಿ ಬರೆಯಬೇಕು.

ಹುಣಸೆಮರದಿಂದ ಒಂದು ಹೆಣ್ಣುಕೋತಿ ಇಳಿದು ಬಂತು. ಹೊಟ್ಟೆಗೆ ಮರಿ ಅಂಟಿಕೊಂಡಿತ್ತು. ಯಾವ ಗಡಿಬಿಡಿಯೂ ಇಲ್ಲದೆ ಕಿಟಕಿಯ ಬಳಿ ಬಂದು, ಮೂಟೆಯ ಬಾಯಿಗೆ ಕೈಹಾಕಿ, ಒಂದು ಕಾಯಿಯನ್ನು ತೆಗೆದು ಬಿಟ್ಟಿತು, ಇನ್ನೊಂದನ್ನು ಆರಿಸಿಕೊಂಡಿತು. ಮಾರುಕಟ್ಟೆಯಲ್ಲಿ ಎಲ್ಲರೂ ಮಾಡುವ ಹಾಗೆ. ಹೋಗಿ ಮೂಲೆಗಲ್ಲಿನ ಮೇಲೆ ಕೂತಿತು. ಕಾಯಿ ಸೀಳಿತು. ಕಾಳನ್ನು ಬೆರಳುಗಳ ನಡುವೆ ಇಟ್ಟು ಅದುಮಿತು. ಸಿಪ್ಪೆ ಕೆಳಗೆ ಬಿತ್ತು, ಬೇಳೆ ಬಾಯಿಗೆ ಹೋಯಿತು. ಮರಿ ಹೊಟ್ಟೆಯಿಂದ ತಲೆ ಹೊರಗೆ ಹಾಕಿ ತಾಯಿಯ ಬೆರಳುಗಳನ್ನೇ ನೋಡುತ್ತಿತ್ತು. ಹಿಂದೆ ಮಂಜು ಹರಿದು, ಬಂಡೆಯ ಮೇಲೆ ಬಿಸಿಲು ಬಿತ್ತು.

“ಅಯ್ಯೋ, ಹಿತುಕ್ತಾ ಇದೆ,” ಎಂದರು ಟೀಚರು, ಉಸಿರಿನಲ್ಲೇ. “ನೋಡಿ ಮೇಷ್ಟ್ರೇ, ನಮ್ಮ ನಾದಿನಿಗೂ ಇಷ್ಟು ಚೆನ್ನಾಗಿ ಬರಲ್ಲ.”

ನಾನು ಮುಂದಿನ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕೂತಿದ್ದೆ. ಇನ್ನೊಂದು ಕೋತಿ ಬಂದು ಕ್ಯಾಮೆರಾಕ್ಕೇ ಕೈಹಾಕಬಹುದೆಂದು ನಾನು ಕೈ ಚಾಚಿದೆ. ಟೀಚರೂ ಕೈ ಚಾಚಿದರು. ಅವರ ತೊಡೆಯ ಮೇಲಿನ ಬಟ್ಟಲು ವಾಲಿತು. ಕ್ಯಾಮೆರಾ ‘ಟಕ್’ ಎಂದಿತು.

ಒಂದೇ ಸಲ.

“ಮುಟ್‌ಬೇಡಿ! ಮುಟ್‌ಬೇಡಿ!” ಎಂದು ರಸ್ತೆಯಾಚೆಯಿಂದ ಗೆಳೆಯ ಜಿಪ್ಪು ಹಿಡಿದುಕೊಂಡು ಓಡಿಬಂದ. ಆ ಕೂಗಿಗೆ ಹುಣಸೆಮರಗಳಲ್ಲಿದ್ದ ಇಡೀ ಸಂಸಾರ ಎಚ್ಚೆತ್ತು ಕೆಳಗಿಳಿಯಿತು. ಕಾರಿನ ಮೇಲೆ, ಬಾನೆಟ್ಟಿನ ಮೇಲೆ, ಎಲ್ಲ ಕಡೆ ಕೋತಿಗಳು. ದೊಡ್ಡ ಗಂಡೊಂದು ಮೂಟೆಯ ಕಿವಿ ಹಿಡಿದು ಹೊರಕ್ಕೆ ಜಗ್ಗಿತು. ಟೀಚರಿಗೆ ಎರಡೇ ಕೈ. ಒಂದು ಕಡೆ ಮಾಗಡಿಯ ಅವರೆಕಾಯಿ, ಇನ್ನೊಂದು ಕಡೆ ಅವರ ವಾಷಿಂಗ್ ಮಷೀನಿನ ಜಾಗ ಕಿತ್ತುಕೊಂಡ ಕ್ಯಾಮೆರಾ. ಅವರು ಎರಡೂ ಕೈಗಳಿಂದ ಕ್ಯಾಮೆರಾವನ್ನು ಬಾಚಿ ಎದೆಗವಚಿಕೊಂಡರು. ಮೂಟೆ ರಸ್ತೆಗೆ ಬಿದ್ದು ಬಾಯಿ ಬಿಟ್ಟಿತು. ಇದರ ಬಗ್ಗೆ ಮಾತ್ರ ನನಗೆ ಸಂದೇಹವಿಲ್ಲ.

ವಾಪಸು ಬರುವಾಗ ದಾರಿಯುದ್ದಕ್ಕೂ ಕ್ಯಾಮೆರಾ ಅವರ ಮಡಿಲಲ್ಲೇ ಇತ್ತು. ಗೆಳೆಯ ಕೇಳಿದರೂ ಕೊಡಲಿಲ್ಲ. “ಗಾಡಿ ಓಡ್ಸಿ,” ಎಂದರು.

ಸಂಜೆ ಮೇಲಿನ ಮನೆಯಲ್ಲಿ ಕ್ಯಾಮೆರಾವನ್ನು ವೈರಿನಿಂದ ಟಿವಿಗೆ ಸೇರಿಸಿ ಎಲ್ಲವನ್ನೂ ನೋಡಿದೆವು. ಪೆಟ್ರೋಲ್ ಬಂಕಿನ ಮೇಲಿನ ಸೂರ್ಯ. ಸೈಟು, ಕಮಾನು, ಸೈಟು. ಹಸುವಿನವರ ಮೊಣಕೈ. ಪ್ಲಾಸ್ಟಿಕ್ ಕವರು ನಾನಾ ಭಂಗಿಗಳಲ್ಲಿ, ಪ್ರತಿಯೊಂದರಲ್ಲೂ ಮೊದಲಿಗಿಂತ ಹೆಚ್ಚು ಪ್ಲಾಸ್ಟಿಕ್ಕಾಗಿ. ಆಮೇಲೆ ಕೋತಿ ಬಂತು.

ಹಳದಿ ಕಲ್ಲಿನ ಮೇಲೆ, ನಂಬರಿನ ಮೇಲೆ ಬಾಲ ಇಳಿಬಿಟ್ಟು, ತಾಯಿ ಕಾಳು ಹಿತುಕುತ್ತಿದ್ದಳು. ಹಾರಿದ ಬೇಳೆ ಬೆರಳಿಗೂ ತುಟಿಗೂ ನಡುವೆ ಗಾಳಿಯಲ್ಲಿತ್ತು. ಮರಿಯ ಕಣ್ಣಲ್ಲಿ ಬೆಳಕು. ಹಿಂದೆ ಸಾವನದುರ್ಗ ಆ ತಾಯಿಮರಿಯ ಮನೆಯ ಗೋಡೆಯಂತೆ ನಿಂತಿತ್ತು.

“ಕಾಡುಪ್ರಾಣಿ. ಜೀವ ಇದೆ. ಬೋನಿಲ್ಲ,” ಎಂದು ಗೆಳೆಯ ಬೆರಳು ಮಡಚಿದ. “ಫೋಟೊ ನಂದು. ಕ್ಯಾಮೆರಾ ಇರುತ್ತೆ.”

“ನೀವೆಲ್ಲಿದ್ರಿ?” ಎಂದರು ಟೀಚರು.

“ನಾನು... ಅಲ್ಲೇ ಇದ್ದೆ.”

“ಪೊದೆ ಹಿಂದೆ.”

“ಫ್ರೇಮ್ ನಂದು, ಫೋಕಸ್ ನಂದು, ಎಲ್ಲಾ ಸೆಟ್ ಮಾಡಿದ್ದು ನಾನು ಕಣೇ. ಬಟನ್ ಒತ್ತೋದು ಏನ್ ಮಹಾ? ಯಾರಾದ್ರೂ ಒತ್ತಬಹುದು.”

“ಪ್ರಶ್ನೆಪತ್ರಿಕೆ ಮಾಡೋಳು ನಾನು. ಉತ್ತರ ಬರೆಯೋದು ಮಕ್ಕಳು. ಮಾರ್ಕ್ಸ್ ನಾನು ತಗೋತೀನಾ?”

ಇಬ್ಬರೂ ನನ್ನ ಕಡೆಗೆ ತಿರುಗಿದರು.

“ಹೇಳಿ ಮೇಷ್ಟ್ರೇ. ನೀವಿದ್ರಲ್ಲ. ಯಾರು ತೆಗೆದಿದ್ದು?”

ಗೆಳೆಯ ನನ್ನನ್ನು ನೋಡಿದ ನೋಟದಲ್ಲಿ, ಮೂರು ವರ್ಷ ನಾವು ಒಟ್ಟಿಗೆ ಕುಡಿದ ಬೈಟು ಕಾಫಿಗಳೆಲ್ಲ ಇದ್ದವು. ಅವನು ತೆಗೆದದ್ದು ಎಂದರೆ ಕ್ಯಾಮೆರಾ ಉಳಿಯುತ್ತದೆ. ಟೀಚರು ತೆಗೆದದ್ದು ಎಂದರೆ ನಾಳೆ ಬೆಳಗ್ಗೆ ಅದು ಅಂಗಡಿಗೆ ಹೋಗುತ್ತದೆ. ನಾನು ಎದ್ದು ಕಿಟಕಿಯ ಬಳಿ ಹೋದೆ, ವಾಪಸು ಬಂದೆ, ಮತ್ತೆ ಹೋದೆ. ಕಷ್ಟವೇನೆಂದರೆ, ಆ ಬಟನ್ನಿನ ತಣ್ಣಗಿನ ಸ್ಪರ್ಶ ನನ್ನ ತೋರುಬೆರಳಿಗೆ ನೆನಪಿತ್ತು. ಟೀಚರ ಒದ್ದೆ ಬೆರಳು ನನ್ನ ಬೆರಳನ್ನು ದಾಟಿ ಹೋದದ್ದೂ ನೆನಪಿತ್ತು. ಯಾವುದು ಮೊದಲು? ಇಷ್ಟಕ್ಕೂ ಇದೇ ತಲೆ ಬೆಳಗ್ಗೆ ಪ್ಲಾಸ್ಟಿಕ್ ಕವರಿಗೆ ಕೊಕ್ಕು ಕೂರಿಸಿತ್ತು.

“ಬಹುಶಃ ನಾನೇ ತೆಗೆದಿರಬಹುದು,” ಎಂದೆ.

ಇಬ್ಬರೂ ಒಟ್ಟಿಗೆ ನಕ್ಕರು. ಆ ದಿನ ಅವರು ಒಮ್ಮತಕ್ಕೆ ಬಂದದ್ದು ಅದೊಂದೇ ವಿಷಯದಲ್ಲಿ.

“ಆಧಾರ ಬೇಕು ಅಂತೀರಲ್ಲ ಯಾವಾಗ್ಲೂ? ತಗೊಳ್ಳಿ,” ಎಂದು ಟೀಚರು ಕ್ಯಾಮೆರಾವನ್ನು ನನ್ನ ಮೂಗಿನ ಬಳಿ ಹಿಡಿದರು. “ಬಟನ್ ಮೂಸಿ. ಕಾಯಿ ಬಿಡಿಸ್ತಾ ಇದ್ದ ಕೈ ಯಾರ್ದು?”

ಮೂಸಿದೆ. ಎಣ್ಣೆಯಂಥ, ಹಸಿರಾದ, ಒಂದು ಥರದ ಘಾಟು. ಆಹಾ, ಇದೋ ಸೊಗಡು! ಒಂದು ಕ್ಷಣ ಸತ್ಯ ಸಿಕ್ಕಿಬಿಟ್ಟಿತು ಅನ್ನಿಸಿತು. ಆಮೇಲೆ, ಅಭ್ಯಾಸಬಲದಿಂದ, ಲೆನ್ಸನ್ನೂ ಮೂಸಿದೆ. ಅದಕ್ಕೂ ಅದೇ ವಾಸನೆ. ಕ್ಯಾಮೆರಾದ ಪಟ್ಟಿಗೂ, ಚೀಲಕ್ಕೂ, ಚೀಲದ ಮಳೆಯಂಗಿಗೂ. ಗೆಳೆಯನ ತೋಳನ್ನು ಎಳೆದು ಮೂಸಿದೆ. ಅವನೂ ಮೂಟೆ ಎತ್ತಿದವನೇ. ನನ್ನ ಕೈ ಮೂಸಿಕೊಂಡೆ. ಇಡೀ ಮನೆ ಅವರೆಕಾಯಿಯಾಗಿತ್ತು.

“ಇದರಿಂದ ಏನೂ ಸಾಧಿಸಲಿಕ್ಕೆ ಆಗೂದಿಲ್ರಿ,” ಎಂದೆ. ಗಾಬರಿಯಾದಾಗ ನನ್ನ ಬಾಯಲ್ಲಿ ಊರಿನ ಮಾತು ಬಂದುಬಿಡುತ್ತದೆ. “ನನಗ ಖರೇನ ಗೊತ್ತಿಲ್ಲ ನೋಡ್ರಿ.”

“ಇಷ್ಟು ಓದಿದೀರಿ!” ಎಂದರು ಟೀಚರು. ಬೈಗುಳದಂತೆ ಅಲ್ಲ, ಓದಿನ ಬಗ್ಗೆಯೇ ಮರುಕಪಟ್ಟಂತೆ. ಆಮೇಲೆ ಟಿವಿಯ ಮುಂದೆ ಹೋಗಿ ನಿಂತು, ಕೋತಿಯನ್ನು ಮತ್ತೊಮ್ಮೆ ನೋಡಿದರು. ತಲೆ ಒಂದು ಕಡೆ ವಾಲಿಸಿ, ಮಕ್ಕಳ ಲೆಕ್ಕದಲ್ಲಿ ತಪ್ಪು ಹುಡುಕಿ ಸಿಗದಾಗ ನಿಲ್ಲುವ ಹಾಗೆ ನಿಂತಿದ್ದರು.

“ಒತ್ತಿದ್ದು ನಾನು,” ಎಂದರು ಕೊನೆಗೆ. “ಕಾಳು ಹಾರುತ್ತೆ ಅಂತ ನಂಗೆ ಮೊದಲೇ ಗೊತ್ತಿತ್ತು. ಅದುಮೋದಕ್ಕೆ ಹೆಬ್ಬೆರಳು ಹೀಗೆ ಬರುತ್ತಲ್ಲ, ಅದನ್ನ ನೋಡಿಯೇ ಒತ್ತಿದ್ದು. ನೀವಿಬ್ರೂ ಹಿತುಕಿದೀರಾ ಯಾವಾಗಾದ್ರೂ? ನಿಮ್ಗೆ ಹೇಗೆ ಗೊತ್ತಾಗ್ಬೇಕು?”

ಸಾಕ್ಷ್ಯಕ್ಕಿಂತ ಈ ವಾದ ಗಟ್ಟಿಯಾಗಿತ್ತು. ನನ್ನ ಬೆರಳು ಇವತ್ತಿಗೂ ತಕರಾರು ತೆಗೆಯುತ್ತದೆ, ಅದು ಬೇರೆ ಮಾತು.

ಗೆಳೆಯ ಎದ್ದ. ಟಿವಿಯಿಂದ ವೈರು ಕಿತ್ತು, ಲೆನ್ಸಿಗೆ ಮುಚ್ಚಳ ಹಾಕಿ, ಪಟ್ಟಿಯನ್ನು ಸುರುಳಿ ಸುತ್ತಿದ. ಅಟ್ಟದ ಮೇಲಿದ್ದ ರಟ್ಟಿನ ಪೆಟ್ಟಿಗೆ ತೆಗೆದು, ಥರ್ಮಾಕೋಲಿನ ಗೂಡಿನಲ್ಲಿ ಕ್ಯಾಮೆರಾವನ್ನು ಮಲಗಿಸಿದ. ಮಗುವನ್ನು ತೊಟ್ಟಿಲಿಗೆ ಹಾಕುವವನಿಗೂ ಅಷ್ಟು ಎಚ್ಚರ ಇರುವುದಿಲ್ಲ. ಜಾಕೆಟ್ಟಿನ ಜೇಬುಗಳನ್ನು ಒಂದೊಂದಾಗಿ ತಡಕಿ, ಅಂಗಡಿಯ ರಸೀದಿ ಹುಡುಕತೊಡಗಿದ. ನನಗೆ ನಿಜವಾಗಿಯೂ ಸಂಕಟವಾಯಿತು.

“ಏನ್ ಮಾಡ್ತಾ ಇದೀರಿ?” ಎಂದರು ಟೀಚರು.

“ನಾಳೆ ವಾಪಸ್ ಕೊಡೋಕೆ. ಸೋತೆನಲ್ಲ.”

“ಸೋತ್ರಿ. ನೀವು ಫೋಟೊ ತೆಗೀದೇ ಇದ್ರೆ ನಿಮ್ಮ ಕ್ಯಾಮೆರಾ ಹೋಗುತ್ತೆ ಅಂದಿದ್ದೆ, ಹೋಯ್ತು. ಈಗ ಇದು ನಂದು. ನನ್ನ ಕ್ಯಾಮೆರಾ ಯಾಕೆ ವಾಪಸ್ ಕೊಡ್ಲಿ?” ಪೆಟ್ಟಿಗೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. “ಇದರ ಚಾರ್ಜರ್ ಎಲ್ಲಿ?”

ಸಂತೋಷಪಡಬೇಕೋ ದುಃಖಪಡಬೇಕೋ ಗೆಳೆಯನಿಗೆ ತಿಳಿಯಲಿಲ್ಲ. “ಮತ್ತೆ ವಾಷಿಂಗ್ ಮಷೀನು?” ಎಂದ, ಮೆಲ್ಲಗೆ.

ಟೀಚರು ಮಣಿಕಟ್ಟಿನ ಪಟ್ಟಿಯನ್ನು ಬಿಗಿ ಮಾಡಿಕೊಳ್ಳುತ್ತಾ ಅವನನ್ನು ನೋಡಿದರು. ತಲೆಯಿಂದ ಕಾಲಿನವರೆಗೆ, ಅಂಗಡಿಯಲ್ಲಿ ಇಟ್ಟ ವಸ್ತುವನ್ನು ನೋಡುವಂತೆ.

ಫೋಟೊ ಅವರ ಹಾಲ್‌ನ ಗೋಡೆಗೆ ಬಂತು. ಬಂದವರು ಯಾರು ತೆಗೆದದ್ದು ಎಂದು ಕೇಳಿದರೆ ಮನೆಯಲ್ಲಿ ಯಾರಿದ್ದಾರೋ ಅವರು ‘ನಾನು’ ಎನ್ನುತ್ತಿದ್ದರು. ಒಮ್ಮೆ ಇಬ್ಬರೂ ಒಳಗಿದ್ದಾಗ ನಾನೂ ಹಾಗೆ ಹೇಳಿ ನೋಡಿದೆ, ಬಂದವರು ನಂಬಿದರು.

ಸಂಕ್ರಾಂತಿ ಮುಗಿದ ಮೇಲೆ ಒಂದು ಭಾನುವಾರ ಬೆಳಗ್ಗೆ ಪೇಪರ್ ಹಿಡಿದುಕೊಂಡು ತಾರಸಿಗೆ ಹೋದೆ. ಚಳಿ ಇನ್ನೂ ಬಿಟ್ಟಿರಲಿಲ್ಲ. ನೀರಿನ ಟ್ಯಾಂಕಿನ ಮೇಲೆ ಯಾವುದೋ ಹಕ್ಕಿ ಕೂತಿತ್ತು. ಟೀಚರು ಶಾಲು ಹೊದ್ದು, ಒಂದು ಮೊಣಕಾಲೂರಿ, ಲೆನ್ಸಿನ ಹಿಂದೆ ಅಲುಗಾಡದೆ ಕೂತಿದ್ದರು. ಒಗೆಯುವ ಕಲ್ಲಿನ ಬಳಿ ಗೆಳೆಯ ಪ್ಯಾಂಟು ಮಡಚಿಕೊಂಡು, ಮೊಣಕೈವರೆಗೆ ಸೋಪಿನ ನೊರೆ ಮಾಡಿಕೊಂಡು, ಒಂದು ಡಬಲ್ ಬೆಡ್‌ಶೀಟಿನ ಜೊತೆ ಹೋರಾಡುತ್ತಿದ್ದ.

“ಬಲಗಡೆ ಬಾರೇ,” ಎಂದು ಅಲ್ಲಿಂದಲೇ ಪಿಸುಗುಟ್ಟಿದ. “ಸೂರ್ಯಂಗೆ ಬೆನ್ನು ಕೊಡು. ಲೈಟ್ ಹೋಗುತ್ತೆ.”

ಟೀಚರು ಕಣ್ಣು ತೆಗೆಯಲಿಲ್ಲ.

“ಮಾತಾಡ್‌ಬೇಡಿ, ಹಾರೋಗುತ್ತೆ. ಮೇಷ್ಟ್ರೇ, ನೀವು ಸುಮ್ನೆ ನಿಂತಿದೀರಲ್ಲ, ಆ ಬೆಡ್‌ಶೀಟಿಂದು ಇನ್ನೊಂದು ತುದಿ ಹಿಡ್ಕೊಳ್ಳಿ. ಅವರೊಬ್ಬರ ಕೈಲಿ ಹಿಂಡೋಕಾಗಲ್ಲ.”